ಉಸಿರೂ ನಿಲುವೂ

ನಾಲ್ಕು ವರ್ಷಗಳ ಹಿಂದಿನ ಆಷಾಢದ ಒಂದು ಬೆಳಗಿನ ಜಾವ. ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಸೋದರತ್ತೆಯವರು ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗುತ್ತ ನಡುಮನೆಯಲ್ಲಿ ಬಿದ್ದರು. ತೊಡೆಯ ಮೂಳೆ ಸೊಂಟದ ಬಳಿ ಮುರಿಯಿತು. ಅಂದು ನಾವೂ ಆ ಮನೆಯಲ್ಲಿಯೇ ಇದ್ದೆವು. ವಾಹನವೊಂದನ್ನು ಗೊತ್ತುಮಾಡಿ, ಸುರಿಯುವ ಮಳೆಯಲ್ಲಿ ಶಿರಸಿಯ ಮೇಲೆ ಹಾಯ್ದು ಹುಬ್ಬಳ್ಳಿಗೆ ಕರೆದೊಯ್ದೆವು. ಅಲ್ಲಿಯ ವೈದ್ಯರು "ಹೇಗೆ ಬಿದ್ದರು?" ಎಂದು ಕೇಳಿದರು. "ಕಾಲು ಜಾರಿತು" ಎಂದೆವು.

ಆ ಉತ್ತರ ತಪ್ಪೆಂಬುದು ನಮಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ನಡುಮನೆಯ ನೆಲ ಒಣಗಿತ್ತು, ದೀಪವೂ ಉರಿಯುತ್ತಿತ್ತು. ಬೀಳುವುದಕ್ಕೆ ಮುನ್ನ ಅತ್ತೆಯವರು ಬಹಳ ಹೊತ್ತು ಕೆಮ್ಮಿದ್ದರು. ಪಕ್ಕದ ಕೋಣೆಯಲ್ಲಿ ಮಲಗಿದ್ದ ನಾವು ಅದನ್ನು ಕೇಳಿಯೂ ಇದ್ದೆವು. ಆದರೆ ಬಾಲ್ಯದಿಂದ ಕೇಳಿ ರೂಢಿಯಾದ ಕೆಮ್ಮು ಕಿವಿಗೆ ಬೀಳುವುದೇ ಇಲ್ಲ. ವರ್ಷವರ್ಷವೂ ವಿದ್ಯಾರ್ಥಿಗಳಿಗೆ ವಸ್ತುಗಳ ಸ್ಥಿರತೆಯ ನಿಯಮಗಳನ್ನು ಬೋಧಿಸುವ ನಾವು, ನಮ್ಮ ಮನೆಯಲ್ಲಿಯೇ ಒಂದು ದೇಹ ತನ್ನ ಸ್ಥಿರತೆಯನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತಿದ್ದುದನ್ನು ಕಾಣದೆ ಹೋದೆವು.

ಉಸಿರಾಟದ ಬೇನೆಗೂ ಬೀಳುವುದಕ್ಕೂ ಏನು ಸಂಬಂಧ? ಮೇಲುನೋಟಕ್ಕೆ ಏನೂ ಇಲ್ಲ. ಒಂದು ಎದೆಗೆ ಸೇರಿದ್ದು, ಇನ್ನೊಂದು ಕಾಲಿಗೆ ಸೇರಿದ್ದು. ಆದರೆ ಶರೀರದಲ್ಲಿ ಹೀಗೆ ಬೇರೆಬೇರೆ ಖಾತೆಗಳಿಲ್ಲ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಹೊಗೆಯ ಲೆಕ್ಕ

ನಮ್ಮ ಜನ ಗೂರಲು, ಉಬ್ಬಸ, ಹಳೆಯ ಕೆಮ್ಮು ಎಂದು ಬೇರೆಬೇರೆ ಹೆಸರುಗಳಿಂದ ಕರೆಯುವ ಬೇನೆಗಳಲ್ಲಿ ಬಹುಪಾಲನ್ನು ಇಂದಿನ ವೈದ್ಯರು ಸಿ.ಓ.ಪಿ.ಡಿ. ಎಂಬ ನಾಲ್ಕಕ್ಷರದಿಂದ ಸೂಚಿಸುತ್ತಾರೆ. ಗಾಳಿ ಸಂಚರಿಸುವ ಕೊಳವೆಗಳು ವರ್ಷಗಟ್ಟಲೆ ಕೆರಳಿ, ಊದಿ, ಕಿರಿದಾಗಿ, ಶ್ವಾಸಕೋಶದ ತುದಿಯಲ್ಲಿರುವ ಸೂಕ್ಷ್ಮವಾದ ಗಾಳಿಗೂಡುಗಳೂ ಹರಿದು ಸಡಿಲವಾಗುವ ಬೇನೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಇದರಿಂದ ಮೃತರಾದರು. ಅದೇ ಸಂಸ್ಥೆಯ ಇನ್ನೊಂದು ಲೆಕ್ಕದಂತೆ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಕೇವಲ ಬಿದ್ದುದರಿಂದಲೇ ಪ್ರಾಣ ಕಳೆದುಕೊಳ್ಳುತ್ತಾರೆ. ಈ ಎರಡು ಪಟ್ಟಿಗಳನ್ನು ಒಟ್ಟಿಗಿಟ್ಟು ನೋಡುವ ಅಭ್ಯಾಸ ನಮಗಿಲ್ಲ.

ಬೀಡಿ, ಸಿಗರೇಟು ಈ ಬೇನೆಯ ಪ್ರಸಿದ್ಧ ಕಾರಣ. ಆದರೆ ನಮ್ಮ ಅತ್ತೆಯವರು ಜನ್ಮದಲ್ಲಿ ಬೀಡಿಯನ್ನು ಮುಟ್ಟಿದವರಲ್ಲ. ಅವರು ಸೇವಿಸಿದ್ದು ಒಲೆಯ ಹೊಗೆ. ಮೈಸೂರಿನ ಪಿ. ಎ. ಮಹೇಶ್ ಮತ್ತು ಸಂಗಡಿಗರು ಆ ಸೀಮೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಒಂದು ಸರಳವಾದ ಅಳತೆಯುಂಟು. ದಿನಕ್ಕೆ ಎಷ್ಟು ತಾಸು ಸೌದೆ ಒಲೆಯ ಮುಂದೆ ಕಳೆದರೆಂಬುದನ್ನು ಎಷ್ಟು ವರ್ಷ ಕಳೆದರೆಂಬುದರಿಂದ ಗುಣಿಸಬೇಕು. ಬಂದ ಸಂಖ್ಯೆ 60ನ್ನು ತಲಪಿದಾಗ ಹಳೆಯ ಕೆಮ್ಮುಕಫದ ಅಪಾಯ ಸ್ಪಷ್ಟವಾಗಿ ಗೋಚರಿಸತೊಡಗುತ್ತದೆಂದು ಅವರು ಕಂಡರು. ದಿನಕ್ಕೆ 4 ತಾಸಿನಂತೆ 15 ವರ್ಷ ಅಡಿಗೆ ಮಾಡಿದರೆ 60 ಆಯಿತು. ನಮ್ಮ ಅತ್ತೆಯವರು 50 ವರ್ಷ ಮಾಡಿದ್ದಾರೆ. ಅವರ ಲೆಕ್ಕ 200.

ಶಿರಸಿಯ ಕಡೆಯ ಜನ ಈ ವಿಷಯದಲ್ಲಿ ಮುಂದಾಳುಗಳೆಂಬುದು ನಿಜ. ಈ ತಾಲ್ಲೂಕಿನ ಗೋಬರ್ ಗ್ಯಾಸ್ ಸ್ಥಾವರಗಳು ಯಶಸ್ವಿಯಾಗಿ ಹಬ್ಬಿದ ಬಗೆಯನ್ನು ಕುರಿತು ಪಿ. ಆರ್. ಭಟ್ಟ, ಎಚ್. ಎನ್. ಚಾಣಕ್ಯ ಮತ್ತು ಎನ್. ಎಚ್. ರವೀಂದ್ರನಾಥರು 2001ರಲ್ಲಿ ಬರೆದ ಲೇಖನ ಹೊರದೇಶಗಳಲ್ಲಿಯೂ ಓದಲ್ಪಟ್ಟಿದೆ. ಅಡಿಗೆಯ ಒಲೆ ಅನೇಕ ಮನೆಗಳಲ್ಲಿ ಹೀಗೆ ಹೊಗೆಯಿಲ್ಲದಾಯಿತು. ಆದರೂ ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ ಇವು ಸೌದೆಯನ್ನು ಬಿಟ್ಟಿಲ್ಲ. ಮೇಲಾಗಿ, ಇಂದು ಎಪ್ಪತ್ತು ದಾಟಿದವರ ಶ್ವಾಸಕೋಶದಲ್ಲಿರುವುದು ಇಂದಿನ ಹೊಗೆಯಲ್ಲ. ನಲವತ್ತು ವರ್ಷಗಳ ಹಿಂದಿನದು.

ನಿಲ್ಲುವುದೆಂಬ ಕೆಲಸ

ಇನ್ನು ನಿಲ್ಲುವ ವಿಷಯ. ನಾವು ನಿಂತಿರುವಾಗ ಏನೂ ಮಾಡುತ್ತಿಲ್ಲವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದೊಂದು ಎಡೆಬಿಡದ ಕೆಲಸ. ಮನುಷ್ಯನ ಗುರುತ್ವಕೇಂದ್ರ ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ನೆಲದಿಂದ ಸುಮಾರು 90 ಸೆಂಟಿಮೀಟರು ಎತ್ತರದಲ್ಲಿದೆ. ಅದನ್ನು ಹೊತ್ತಿರುವ ಪಾದಗಳಾದರೋ ಒಂದು ಗೇಣಿಗಿಂತ ತುಸು ಉದ್ದ. ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಈ ಪಾದಗಳ ಆವರಣದೊಳಗೆ ಬೀಳುವ ತನಕ ನಾವು ನಿಂತಿರುತ್ತೇವೆ. ಹೊರಗೆ ಬಿದ್ದರೆ ಹೆಜ್ಜೆ ಇಡಬೇಕು, ಇಲ್ಲವೆ ಬೀಳಬೇಕು.

ಮಕ್ಕಳು ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವನ್ನು ಓದುಗರು ನೋಡಿರಬಹುದು. ನಾವೆಲ್ಲರೂ ದಿನವಿಡೀ ಆಡುತ್ತಿರುವುದು ಅದೇ ಆಟ. ಈ ಆಟದಲ್ಲಿ ಪೆನ್ಸಿಲನ್ನು ನಿಲ್ಲಿಸುವುದು ಕಷ್ಟ, ಉದ್ದವಾದ ದೋಟಿಯನ್ನು ನಿಲ್ಲಿಸುವುದು ಅಷ್ಟು ಕಷ್ಟವಲ್ಲ; ಉದ್ದವಾದದ್ದು ನಿಧಾನವಾಗಿ ಬಾಗುತ್ತದೆ. ಮನುಷ್ಯ ದೇಹದ ಎತ್ತರಕ್ಕೆ ಗಣಿತ ಹಾಕಿದರೆ ದೊರೆಯುವ ಕಾಲಮಾನ ಸುಮಾರು 0.3 ಸೆಕೆಂಡು. ಅದರ ಅರ್ಥವಿಷ್ಟು: ಕೇವಲ 1 ಡಿಗ್ರಿ ಮುಂದಕ್ಕೆ ಬಾಗಿದವನು ಏನನ್ನೂ ಮಾಡದೆ ಸುಮ್ಮನಿದ್ದರೆ, 0.9 ಸೆಕೆಂಡಿನೊಳಗೆ ಅವನ ಬಾಗು 10 ಡಿಗ್ರಿಯಾಗಿ, ಗುರುತ್ವಕೇಂದ್ರ ಕಾಲ್ಬೆರಳುಗಳ ತುದಿಯ ಸನಿಹಕ್ಕೆ ಬಂದಿರುತ್ತದೆ. ಇದಕ್ಕೆ ಮೊದಲೇ ಬಾಗನ್ನು ಅರಿತು, ಕಣಕಾಲು, ತೊಡೆ, ಸೊಂಟಗಳ ಸ್ನಾಯುಗಳನ್ನು ಬಿಗಿದು ಸರಿಪಡಿಸಿಕೊಳ್ಳಬೇಕು. ಆರೋಗ್ಯವಂತನಲ್ಲಿ ಈ ತಿದ್ದುಪಡಿ ಬಾಗಿದ ಒಂದೆರಡು ದಶಾಂಶ ಸೆಕೆಂಡಿನಲ್ಲಿಯೇ ಅವನಿಗರಿವಿಲ್ಲದೆ ನಡೆದುಹೋಗುತ್ತದೆ. ಅದಕ್ಕೆ ಬೇಕಾದವು ಮೂರು: ತಡಮಾಡದ ನರ, ಬಲವುಳ್ಳ ಸ್ನಾಯು, ಅಲುಗಾಡದ ನಡು. ಈ ಮೂರರ ಮೇಲೂ ಶ್ವಾಸದ ಬೇನೆ ಕೈಯಿಡುತ್ತದೆ.

ಒಬ್ಬ ಆಳು, ಎರಡು ತೋಟ

ಮೊದಲು ನಡುವನ್ನು ನೋಡೋಣ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಮಗುಚಿಟ್ಟ ಬೋಗುಣಿಯಂಥ ಸ್ನಾಯುವಿಗೆ ವಪೆಯೆಂದು ಹೆಸರು. ಅದು ಕೆಳಕ್ಕೆಳೆದಾಗ ಉಸಿರು ಒಳಕ್ಕೆ ಬರುತ್ತದೆಂಬುದನ್ನು ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ಅದಕ್ಕೆ ಇನ್ನೊಂದು ಉದ್ಯೋಗವೂ ಉಂಟೆಂಬುದನ್ನು ಆಸ್ಟ್ರೇಲಿಯದ ಪಾಲ್ ಹಾಜಸ್, ಸೈಮನ್ ಗಾಂಡೆವಿಯಾ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ನಿಂತವನೊಬ್ಬನಿಗೆ ಕೈಯನ್ನು ಥಟ್ಟನೆ ಎತ್ತಲು ಹೇಳಿದಾಗ, ತೋಳಿನ ಸ್ನಾಯುವಿಗಿಂತ ಸುಮಾರು 0.02 ಸೆಕೆಂಡು ಮೊದಲೇ ಅವನ ವಪೆ ಬಿಗಿಯುತ್ತಿತ್ತು. ಕೈ ಎತ್ತಿದಾಗ ದೇಹ ಓಲಾಡುವುದೆಂದು ಮುಂದಾಗಿ ಅರಿತು, ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸಿ, ನಡುವನ್ನು ಗಟ್ಟಿಮಾಡುವ ಏರ್ಪಾಡು ಅದು. ಗಾಳಿ ತುಂಬಿದ ಚಕ್ರ ಭಾರವನ್ನು ತಡೆದುಕೊಳ್ಳುವಂತೆ, ಒತ್ತಡ ತುಂಬಿದ ಹೊಟ್ಟೆ ಬೆನ್ನೆಲುಬಿಗೆ ಆಸರೆಯಾಗುತ್ತದೆ.

ಹಾಗಾದರೆ ವಪೆಗೆ ಉಸಿರಾಟದ ಕೆಲಸವೇ ಅತಿಯಾದಾಗ ಏನಾಗುತ್ತದೆ? 2001ರಲ್ಲಿ ಇವರೇ ಇನ್ನೊಂದು ಪ್ರಯೋಗ ನಡೆಸಿದರು. ಆರೋಗ್ಯವಂತರು ಉದ್ದ ಕೊಳವೆಯ ಮೂಲಕ ಉಸಿರಾಡುವಂತೆ ಮಾಡಿ, ಅವರಿಗೆ ಏದುಸಿರು ಬರಿಸಿದರು. ಸುಮಾರು ಒಂದು ನಿಮಿಷದಲ್ಲಿಯೇ ವಪೆ ನಿಲುವಿಗಾಗಿ ಮಾಡುತ್ತಿದ್ದ ಕೆಲಸ ಕುಗ್ಗಿತು. ಒಬ್ಬನೇ ಆಳು ಎರಡು ತೋಟಗಳನ್ನು ನೋಡಿಕೊಳ್ಳುತ್ತಿರುವಾಗ ಒಂದು ತೋಟದ ಕಾಲುವೆ ಒಡೆದರೆ ಅವನು ಇನ್ನೊಂದನ್ನು ಬಿಟ್ಟು ಓಡಲೇಬೇಕಷ್ಟೆ. ದೇಹಕ್ಕೆ ಉಸಿರು ಮೊದಲು, ನಿಲುವು ಆಮೇಲೆ.

ಆರೋಗ್ಯವಂತರಿಗೆ ಒಂದು ನಿಮಿಷ ಬಂದ ಈ ಅವಸ್ಥೆ ಶ್ವಾಸರೋಗಿಗೆ ಮೆಟ್ಟಿಲು ಹತ್ತಿದಾಗಲೆಲ್ಲ ಬರುತ್ತದೆ. ಅವನ ಕೊಳವೆಗಳು ಕಿರಿದಾಗಿರುವುದರಿಂದ ಒಳಗೆ ಹೋದ ಗಾಳಿ ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರನ್ನು ಎಳೆಯಬೇಕಾಗುತ್ತದೆ. ಗಾಳಿ ಒಳಗೇ ಉಳಿದು ಎದೆ ಪೀಪಾಯಿಯಂತೆ ಉಬ್ಬುತ್ತದೆ; ಬೋಗುಣಿಯಂತಿದ್ದ ವಪೆ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ವಪೆಯ ಎಳೆಗಳು ಮೊದಲೇ ಮೊಟಕಾಗಿರುವುದರಿಂದ ಅವುಗಳಿಗೆ ಎಳೆಯುವ ಶಕ್ತಿ ಸಾಲದು. ಆಗ ಕೊರಳು, ಭುಜ, ಪಕ್ಕೆಲುಬುಗಳ ಸ್ನಾಯುಗಳು ಸಹಾಯಕ್ಕೆ ಬರಬೇಕು. ಜಗುಲಿಯ ಮೇಲೆ ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಭುಜವೆತ್ತಿ ಕುಳಿತು ಉಸಿರೆಳೆಯುವ ಹಿರಿಯರನ್ನು ನಮ್ಮ ಊರುಗಳಲ್ಲಿ ಯಾರು ಕಂಡಿಲ್ಲ? ಕೈಗಳು ಅಲ್ಲಿ ಉಸಿರಿನ ಸೇವೆಯಲ್ಲಿವೆ. ನಿಂತಾಗಲೂ ಅವು ಅದೇ ಸೇವೆಯಲ್ಲಿದ್ದರೆ, ಎಡವಿದ ಕ್ಷಣದಲ್ಲಿ ಗೋಡೆಯನ್ನು ಹಿಡಿಯಲು ಒದಗುವುದು ಹೇಗೆ? ಅಂಥವರು ತಲೆಯ ಮೇಲೆ ಕೈಯೆತ್ತಿ ಬಟ್ಟೆ ಒಣಹಾಕುವಾಗಲೂ ಅಟ್ಟದಿಂದ ಡಬ್ಬಿ ಇಳಿಸುವಾಗಲೂ ಥಟ್ಟನೆ ಏದುಸಿರುಗೊಂಡು ಓಲಾಡುವುದು ಇದೇ ಕಾರಣದಿಂದ.

ಕಾಲಿನ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. ನಡೆದರೆ ಉಸಿರು ಹತ್ತುತ್ತದೆ. ಆದುದರಿಂದ ರೋಗಿ ಕುಳಿತುಕೊಳ್ಳುತ್ತಾನೆ. ಕುಳಿತರೆ ತೊಡೆಯ ಸ್ನಾಯು ಸೊರಗುತ್ತದೆ. ಆದುದರಿಂದ ಮುಂದಿನ ಸಲ ಇನ್ನೂ ಬೇಗ ಉಸಿರು ಹತ್ತುತ್ತದೆ. ಹೀಗೆ ಸುತ್ತುವ ಗಾಣದಲ್ಲಿ ಬೇನೆ ಬಲಿತವರ ತೊಡೆಯ ಶಕ್ತಿ ಸಮವಯಸ್ಕರದಕ್ಕಿಂತ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಇಳಿದಿರುತ್ತದೆ. ತೊಡೆಯ ಈ ಸ್ನಾಯುವೇ ನಮ್ಮನ್ನು ಮಣೆಯಿಂದ ಎಬ್ಬಿಸುವುದು, ಹೊಸ್ತಿಲು ದಾಟಿಸುವುದು, ಎಡವಿದಾಗ ತಡೆಯುವುದು.

ಕೆಮ್ಮಿನ ಪಾತ್ರವನ್ನೂ ಮರೆಯಲಾಗದು. ಬಿಡದೆ ಕೆಮ್ಮುವಾಗ ಎದೆಯೊಳಗಿನ ಒತ್ತಡ ಬಹಳ ಏರಿ, ಹೃದಯಕ್ಕೆ ಮರಳುವ ರಕ್ತ ತಡೆಯಲ್ಪಡುತ್ತದೆ. ಹೃದಯಕ್ಕೆ ಬಾರದ ರಕ್ತ ಮಿದುಳಿಗೆ ಹೋಗಲಾರದು; ಕಣ್ಣು ಕತ್ತಲಿಡುತ್ತದೆ; ಕೆಲವೊಮ್ಮೆ ಕ್ಷಣಕಾಲ ಪ್ರಜ್ಞೆಯೇ ತಪ್ಪುತ್ತದೆ. ಮಲಗಿದ್ದವರು ಒಮ್ಮೆಲೇ ಎದ್ದು ನಿಂತಾಗ ರಕ್ತ ಕಾಲಿಗಿಳಿದು ತಲೆ ತಿರುಗುವುದು ಇದಕ್ಕೆ ಸೇರಿದರೆ ಅಪಾಯ ಇಮ್ಮಡಿ. ನಮ್ಮ ಅತ್ತೆಯವರ ವಿಷಯದಲ್ಲಿ ನಡೆದದ್ದು ಬಹುಶಃ ಇದೇ.

ಇದು ಕೇವಲ ತರ್ಕವಲ್ಲ. ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಮಾರ್ಕ್ ರೋಯಿಗ್ ಮತ್ತು ಸಂಗಡಿಗರು ಈ ಬೇನೆಯ 101 ಜನರನ್ನು ಆರು ತಿಂಗಳು ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 32 ಜನ ಆ ಆರು ತಿಂಗಳಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ಹಿಂದೊಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಆದುದರಿಂದ ಮೊದಲ ಸಲ ಬಿದ್ದದ್ದನ್ನು ಗ್ರಹಚಾರವೆಂದು ಮರೆತುಬಿಡುವುದು ತಪ್ಪು, ಅದು ಮುನ್ನೆಚ್ಚರಿಕೆ.

ಬಿದ್ದಾಗ ಆಗುವ ಪೆಟ್ಟಿನ ಲೆಕ್ಕವನ್ನೂ ಹಾಕಬಹುದು. 50 ಕಿಲೋಗ್ರಾಂ ತೂಕದ ದೇಹದ ಗುರುತ್ವಕೇಂದ್ರ 90 ಸೆಂಟಿಮೀಟರು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 440 ಜೂಲ್. 15 ಲೀಟರು ನೀರು ತುಂಬಿದ ಕೊಡವೊಂದು 3 ಮೀಟರು ಎತ್ತರದಿಂದ ಬಿದ್ದಾಗ ಬಿಡುಗಡೆಯಾಗುವುದೂ ಇಷ್ಟೇ. ಅದರಲ್ಲಿ ಒಂದು ಪಾಲು ಸೊಂಟದ ಮೂಳೆಗೆ ತಗಲಿದರೂ ಸಾಕು. ಉಬ್ಬಸಕ್ಕಾಗಿ ಸ್ಟೀರಾಯ್ಡ್ ಗುಳಿಗೆಗಳನ್ನು ದೀರ್ಘಕಾಲ ನುಂಗಿದವರ ಮೂಳೆ ಟೊಳ್ಳಾಗಿರುವುದೂ ಉಂಟು. ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ವೈದ್ಯರಲ್ಲಿ ಮೂಳೆಯ ಮಾತನ್ನು ಎತ್ತುವುದೇ ಸರಿಯಾದ ದಾರಿ.

ನಮ್ಮ ನೆಲದ ಗುಣ

ಈಗ ಇಂಥ ದೇಹವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನೆಲದ ಮೇಲೆ ನಿಲ್ಲಿಸಿ ನೋಡಬೇಕು. ಇಲ್ಲಿ ಮನೆ ದಿಣ್ಣೆಯ ಮೇಲೆ, ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ, ಸೊಪ್ಪಿನ ಬೆಟ್ಟ ಮನೆಯ ಹಿಂದೆ. ಎಲ್ಲಿಗೆ ಹೋಗಬೇಕಾದರೂ ಇಳಿಯಬೇಕು ಇಲ್ಲವೆ ಹತ್ತಬೇಕು. ನಡುವೆ ಸಂಕ, ಬಸಿಗಾಲುವೆ, ತಡಮೆ. ಮಳೆಗಾಲದಲ್ಲಿ ಅಂಗಳಕ್ಕೆಲ್ಲ ಹಾವಸೆ.

ಸಮತಟ್ಟಾದ ನೆಲದಲ್ಲಿ ಸಹಜವಾಗಿ ನಡೆಯಲು ಪಾದಕ್ಕೂ ನೆಲಕ್ಕೂ ನಡುವೆ ಸುಮಾರು 0.2ರಷ್ಟು ಘರ್ಷಣಾಂಕ ಬೇಕು. ಐದು ಅಡಿ ನಡೆದಾಗ ಒಂದು ಅಡಿ ಇಳಿಯುವ ದಾರಿಯಲ್ಲಿ ಇದಕ್ಕೆ ಇಳಿಜಾರಿನ ಪಾಲೆಂದು ಇನ್ನೊಂದು 0.2 ಸೇರುತ್ತದೆ. ಒಣನೆಲ ಇಷ್ಟನ್ನು ಸುಲಭವಾಗಿ ಕೊಡುತ್ತದೆ; ಹಾವಸೆ ಕಟ್ಟಿದ ಒದ್ದೆಗಲ್ಲು ಕೊಡದು. ಹೆಜ್ಜೆಯನ್ನು ಚಿಕ್ಕದು ಮಾಡಿದಷ್ಟೂ ಬೇಕಾಗುವ ಘರ್ಷಣೆ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವ, ಪುಟ್ಟ ಹೆಜ್ಜೆಯಿಟ್ಟು ನಡೆಯುವ ನಮ್ಮ ಹಿರಿಯರ ಪದ್ಧತಿ ಭೌತಶಾಸ್ತ್ರಕ್ಕೆ ಪೂರ್ತಿ ಒಪ್ಪುವಂಥದು.

ಆದರೆ ಉಸಿರಿನ ಬೇನೆಯವರು ಹಾಗೆ ನಡೆಯುವುದಿಲ್ಲ. ಉಸಿರು ಮುಗಿಯುವುದರೊಳಗೆ ಮೇಲೆ ತಲಪಿಬಿಡೋಣವೆಂದು ಅವಸರಿಸುತ್ತಾರೆ. ಅವಸರದ ದೊಡ್ಡ ಹೆಜ್ಜೆ, ಸೋತ ತೊಡೆ, ಉಸಿರಿಗೆ ಮೀಸಲಾದ ನಡು ಇವೆಲ್ಲ ಕೂಡುವುದು ತೋಟದ ದಾರಿಯ ಕೊನೆಯ ನಾಲ್ಕು ಮೆಟ್ಟಿಲುಗಳಲ್ಲಿ. ತಲೆಯ ಮೇಲೊಂದು ಸೊಪ್ಪಿನ ಹೊರೆಯೂ ಇದ್ದರೆ ಗುರುತ್ವಕೇಂದ್ರ ಇನ್ನಷ್ಟು ಮೇಲೇರಿರುತ್ತದೆ.

ಮಾಡಬಹುದಾದದ್ದು

ಇಷ್ಟನ್ನೆಲ್ಲ ತಿಳಿದ ಮೇಲೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಕಾರಣವುಳ್ಳ ಕಾರ್ಯವನ್ನು ತಡೆಯುವುದಕ್ಕೂ ದಾರಿಯಿರುತ್ತದೆ.

ಮೊದಲನೆಯದಾಗಿ, ಮನೆಯ ಹಿರಿಯರನ್ನು ಒಂದು ಸಣ್ಣ ಪರೀಕ್ಷೆಗೆ ಒಡ್ಡಬಹುದು. ಕುರ್ಚಿಯಿಂದ ಎದ್ದು, 3 ಮೀಟರು ನಡೆದು, ತಿರುಗಿ ಬಂದು, ಮತ್ತೆ ಕುಳಿತುಕೊಳ್ಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. 1991ರಿಂದ ವೈದ್ಯರು ಬಳಸುತ್ತಿರುವ ಪರೀಕ್ಷೆಯಿದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವುಂಟೆಂದು ತಿಳಿದು ವೈದ್ಯರಿಗೆ ಹೇಳಬೇಕು.

ಎರಡನೆಯದು, ಸೊರಗಿದ ತೊಡೆಗೆ ಕೆಲಸ. ದಿನವೂ ಗಟ್ಟಿಯಾದ ಕುರ್ಚಿಯಿಂದ ಕೆಲವು ಬಾರಿ ಎದ್ದು ಕೂರುವುದು, ಅಡಿಗೆಕಟ್ಟೆಯನ್ನು ಹಿಡಿದು ಒಂದೊಂದೇ ಕಾಲಿನ ಮೇಲೆ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಡೆಯುವುದು ಇವೆಲ್ಲ ಹಣ ಬೇಡದ ಸಾಧನೆಗಳು. 2013ರಲ್ಲಿ ಟೊರಾಂಟೊ ನಗರದ ಮಾರ್ಲಾ ಬೋಶಾಂ ಮತ್ತು ಸಂಗಡಿಗರು ಈ ಬೇನೆಯವರಿಗೆ ವಾರಕ್ಕೆ ಮೂರು ಸಲದಂತೆ ಆರು ವಾರ ಸಮತೋಲನದ ಅಭ್ಯಾಸ ಮಾಡಿಸಿದರು. ಮಾಮೂಲಿನ ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ ಇವರು ಸಮತೋಲನದ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿ ಮುಂದಾದರು. ಶ್ವಾಸಕೋಶ ಗುಣವಾಗದಿದ್ದರೂ ನಿಲುವು ಸುಧಾರಿಸಬಲ್ಲದೆಂಬುದು ದೊಡ್ಡ ಸಮಾಧಾನ. ಅಭ್ಯಾಸ ಮಾತ್ರ ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ಮೂರನೆಯದು, ನಡೆಯುವ ರೀತಿ. ಏರುವಾಗ ತುಟಿಗಳನ್ನು ಸೀಟಿ ಊದುವಂತೆ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಟ್ಟರೆ ಒಳಗಿನ ಗಾಳಿ ಹೆಚ್ಚು ಖಾಲಿಯಾಗುತ್ತದೆ. ತೋಟದ ದಾರಿಯ ನಡುವೆ ಕುಳಿತುಕೊಳ್ಳಲು ಒಂದು ಕಲ್ಲುಕಟ್ಟೆಯಿದ್ದರೆ ಅವಸರ ತಾನಾಗಿಯೇ ತಗ್ಗುತ್ತದೆ. ಊರುಗೋಲನ್ನು ಹಿಡಿಯಲು ಹಲವರು ನಾಚುತ್ತಾರೆ. ಆದರೆ ಅದು ಎರಡು ಕಾಲಿನ ಆಸರೆಯನ್ನು ಮೂರಕ್ಕೆ ವಿಸ್ತರಿಸುವುದಲ್ಲದೆ ಕೈಯೂರಿ ಉಸಿರೆಳೆಯಲೂ ನೆರವಾಗುತ್ತದೆ.

ನಾಲ್ಕನೆಯದು, ರಾತ್ರಿ. ಎದ್ದವರು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು ಆಮೇಲೆ ನಿಲ್ಲಬೇಕು. ಕೆಮ್ಮು ಬಂದರೆ ನಿಂತು ಕೆಮ್ಮದೆ ಕುಳಿತು ಕೆಮ್ಮಬೇಕು. ನಡುಮನೆಯಿಂದ ಬಚ್ಚಲಿನವರೆಗೆ ದೀಪವಿರಬೇಕು, ಗೋಡೆಗೆ ಹಿಡಿಕೆಯಿರಬೇಕು. ಮನೆಯಲ್ಲಿಯೇ ಆಮ್ಲಜನಕ ಪಡೆಯುವವರ ಕೊಳವೆ ನಡೆಯುವ ದಾರಿಗೆ ಅಡ್ಡಬಾರದಂತಿರಬೇಕು.

ನಮ್ಮ ಅತ್ತೆಯವರ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಅವರು ಮತ್ತೆ ಜಗುಲಿಯ ಮೆಟ್ಟಿಲಿಳಿದು ತೋಟವನ್ನು ನೋಡಲಿಲ್ಲ. ಮೂರು ತಿಂಗಳು ಮಲಗಿದ್ದರಿಂದ ತೊಡೆಯಲ್ಲಿ ಉಳಿದಿದ್ದ ಶಕ್ತಿಯೂ ಹೋಯಿತು, ಉಸಿರೂ ಇನ್ನಷ್ಟು ಮೊಟಕಾಯಿತು. ಈಗ ಆ ಮನೆಯ ನಡುಗೋಡೆಯುದ್ದಕ್ಕೂ, ಸೊಂಟದೆತ್ತರಕ್ಕೆ, ನಯಗೊಳಿಸಿದ ಒಂದು ಅಡಿಕೆ ದಬ್ಬೆಯನ್ನು ಹಿಡಿಕೆಯಾಗಿ ಜಡಿದಿದ್ದಾರೆ. ಅದಕ್ಕೆ ತಗಲಿದ ಖರ್ಚು ನಾಲ್ಕು ಮೊಳೆ, ಒಂದು ಮಧ್ಯಾಹ್ನ. ಅದನ್ನು ಹಿಡಿದು ಅವರು ಬಚ್ಚಲಿಗೆ ಹೋಗಿಬರುತ್ತಾರೆ. ಒಂದು ವರ್ಷ ಮುಂಚೆ ಜಡಿದಿದ್ದರೆ ಎಂಬ ಯೋಚನೆ ಆ ಮನೆಗೆ ಹೋದಾಗಲೆಲ್ಲ ನಮಗೆ ಬರುತ್ತದೆ.

ಶ್ವಾಸದ ಬೇನೆಯವರೊಬ್ಬರು ಮನೆಯಲ್ಲಿ ಬಿದ್ದರೆ ಎಲ್ಲಿ ಜಾರಿತೆಂದು ಕೇಳುವುದು ಸಹಜ. ಅದರೊಡನೆ, ಬೀಳುವಾಗ ಉಸಿರು ಹೇಗಿತ್ತೆಂದೂ ಕೇಳಬೇಕು. ದೊರೆತ ಉತ್ತರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.